ಕಾರ್ಬೈಡ್ ಹಾಕಿದ ಮಕ್ಕಳು

ಐದು ವರ್ಷದ ಮಕ್ಕಳಿಗೆ ಕೋಡಿಂಗ್. ನಾಲ್ಕು ವರ್ಷದವರಿಗೆ ಅಬಾಕಸ್. ಮೂರು ವರ್ಷದವರಿಗೆ 'ಬ್ರೈನ್ ಡೆವಲಪ್‌ಮೆಂಟ್'. ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಾಲ್ಕು ಮಹಡಿ ಹತ್ತುವಷ್ಟರಲ್ಲಿ ಇಷ್ಟೂ ಜಾಹೀರಾತು ಓದಿ ಮುಗಿಸಬಹುದು. ಹತ್ತು ವರ್ಷಕ್ಕೂ ಮೇಲ್ಪಟ್ಟು ಕೋಡ್ ಬರೆದೇ ಹೊಟ್ಟೆ ಹೊರೆಯುತ್ತಿರುವವನು ನಾನು. ಧೈರ್ಯವಾಗಿ ಹೇಳ್ತೀನಿ, ಆ ಮಕ್ಕಳಿಗೆ ಇದ್ಯಾವುದೂ ಬೇಕಾಗಿಲ್ಲ. ಬೇಕಾಗಿರೋದು ನಮಗೆ, ಅಪ್ಪ-ಅಮ್ಮಂದಿರಿಗೆ.

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ನಾಲ್ಕೈದು ವರ್ಷದ ಮಗುವಿನ ಎದುರು ಒಂದೇ ಥರದ ಎರಡು ಲೋಟಗಳಲ್ಲಿ ಸಮವಾಗಿ ನೀರು ಹಾಕಿ. ಸಮ ಇದೆ ಅಂತ ಮಗು ಒಪ್ಪಿದ ಮೇಲೆ, ಒಂದು ಲೋಟದ ನೀರನ್ನು ಅದರ ಕಣ್ಣೆದುರೇ ಉದ್ದನೆಯ ಸಪೂರ ಲೋಟಕ್ಕೆ ಸುರಿಯಿರಿ. ಈಗ ಯಾವುದರಲ್ಲಿ ಜಾಸ್ತಿ? ಬಹುಪಾಲು ಮಕ್ಕಳು ಉದ್ದ ಲೋಟ ತೋರಿಸ್ತಾರೆ. ನನ್ನ ಮಗಳೂ ಅದನ್ನೇ ತೋರಿಸಿದಳು. "ಅದೇ ನೀರಲ್ವೇನೇ ಪುಟ್ಟಿ?" ಅಂದೆ. "ಹೌದಪ್ಪ, ಆದ್ರೆ ಈಗ ಜಾಸ್ತಿ ಆಯ್ತು" ಅಂದಳು, ನನಗೇ ಪಾಠ ಹೇಳುವವಳ ಹಾಗೆ.

ಇದು ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆ (1896–1980) ಪ್ರಸಿದ್ಧಗೊಳಿಸಿದ ಪ್ರಯೋಗ. ತರುಣರಾಗಿದ್ದಾಗ ಪ್ಯಾರಿಸಿನಲ್ಲಿ ಮಕ್ಕಳ ಬುದ್ಧಿಪರೀಕ್ಷೆಯ ಕೆಲಸಕ್ಕೆ ಸೇರಿದ ಇವರು, ಸರಿ ಉತ್ತರ ಎಣಿಸುವುದು ಬಿಟ್ಟು ತಪ್ಪು ಉತ್ತರಗಳ ಹಿಂದೆ ಬಿದ್ದರು. ಒಂದೇ ವಯಸ್ಸಿನ ಮಕ್ಕಳು ಒಂದೇ ಥರದ ತಪ್ಪು ಮಾಡುತ್ತಿದ್ದರು. ಅಂದರೆ ತಪ್ಪಿನ ಹಿಂದೆಯೂ ಒಂದು ತರ್ಕ ಇದೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ, ಅದನ್ನು ಬಗ್ ಅಂತ ಟಿಕೆಟ್ ಹಾಕೋ ಹಾಗಿಲ್ಲ. ಆ ವಯಸ್ಸಿನ ಬುದ್ಧಿ ಓಡುವುದೇ ಹಾಗೆ. ಏಳರ ಆಸುಪಾಸಿಗೆ ಅದೇ ಮಗು ಉದ್ದ-ಅಗಲ ಎರಡನ್ನೂ ಒಟ್ಟಿಗೆ ಲೆಕ್ಕಕ್ಕೆ ತಗೊಂಡು, "ಅದೇ ನೀರು ತಾನೇ, ಇದೇನು ಪ್ರಶ್ನೆ?" ಅನ್ನುತ್ತದೆ. ಕಣ್ಣಿಗೆ ಕಾಣದ ಸಂಗತಿಗಳ ಬಗ್ಗೆ ಶುದ್ಧ ತರ್ಕ ಮಾಡುವ ಶಕ್ತಿ ಹನ್ನೊಂದು-ಹನ್ನೆರಡರ ನಂತರ ಬಲಿಯುತ್ತದೆ ಅನ್ನೋದು ಪಿಯಾಜೆಯವರ ಲೆಕ್ಕ.

ಅಮೆರಿಕದಲ್ಲಿ ಭಾಷಣಕ್ಕೆ ಹೋದಾಗಲೆಲ್ಲ ಅವರಿಗೆ ಒಂದು ಪ್ರಶ್ನೆ ಎದುರಾಗುತ್ತಿತ್ತು: ಈ ಹಂತಗಳನ್ನು ಬೇಗ ದಾಟಿಸುವುದು ಹೇಗೆ? ಅವರು ಅದಕ್ಕೆ 'ಅಮೆರಿಕನ್ ಪ್ರಶ್ನೆ' ಅಂತಲೇ ಹೆಸರಿಟ್ಟಿದ್ದರು. ಈಗ ಅದನ್ನು ಬೆಂಗಳೂರಿನ ಪ್ರಶ್ನೆ ಅಂತ ಕರೆಯಬಹುದು.

ನಮ್ಮೂರಲ್ಲಿ ಮಾವಿನಕಾಯಿಯನ್ನು ಹುಲ್ಲಿನಲ್ಲಿ ಹಣ್ಣಿಗೆ ಇಡ್ತಿದ್ದರು. ಆಮೇಲೆ ಕಾರ್ಬೈಡ್ ಬಂತು. ಮೇಲೆ ಹಳದಿ, ಒಳಗೆ ಹುಳಿ. ಹಣ್ಣಿಗೆ ಕಾರ್ಬೈಡ್ ಹಾಕುವುದನ್ನು ಕಾನೂನು ನಿಷೇಧಿಸಿದೆ. ಮಕ್ಕಳಿಗೆ ಹಾಕುವವರಿಗೆ ಮಾತ್ರ ನಾವೇ ಇಎಂಐ ಕಟ್ತೀವಿ.

ಒಂದು ಚಾಕೊಲೇಟ್ ಕೊಟ್ಟರೆ ನನ್ನ ಮಗಳು ಇವತ್ತು ಸಂಜೆಯೇ "ಎರಡೂ ಸಮ" ಅನ್ನೋದನ್ನು ಕಲೀತಾಳೆ. ಆದರೆ ನಾಳೆಯಿಂದ ಅವಳು ನೀರನ್ನು ನೋಡೋದು ಬಿಟ್ಟು ನನ್ನ ಮುಖ ನೋಡೋಕೆ ಶುರು ಮಾಡ್ತಾಳೆ. ಅಪ್ಪನಿಗೆ ಯಾವ ಉತ್ತರ ಬೇಕು ಅಂತ ಹುಡುಕುತ್ತಾಳೆ. ಫೀಸಿನ ಜೊತೆ ನಾವು ಕೊಡುತ್ತಿರುವ ನಿಜವಾದ ಬೆಲೆ ಇದು: ತನ್ನ ಕಣ್ಣು, ತನ್ನ ತಲೆ ನಂಬಬಹುದು ಅನ್ನೋ ಮಗುವಿನ ಭರವಸೆ.

"ಪಿಯಾಜೆ ಹಳಬರಾದರು, ಮಕ್ಕಳು ಅವರು ಅಂದುಕೊಂಡಿದ್ದಕ್ಕಿಂತ ಜಾಣರು" ಅಂತ ಹೇಳುವವರಿದ್ದಾರೆ. ಸರಿಯಾದ ಮಾತೇ. 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದೇ ಥರದ ಪ್ರಯೋಗವನ್ನು ಬಿಲ್ಲೆಗಳ ಎರಡು ಸಾಲಿನಿಂದ ಮಾಡಿದರು. ದೊಡ್ಡವರು ಸಾಲನ್ನು ಅಗಲ ಮಾಡುವ ಬದಲು ಒಂದು ತುಂಟ ಆಟಿಕೆ ಕರಡಿ ಬಂದು ಅದನ್ನು ಕೆಡಿಸಿತು. ಆಗ ಸರಿ ಉತ್ತರ ಕೊಟ್ಟ ಮಕ್ಕಳ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚಿತು. ಆದರೆ ಇದರಿಂದ ಟ್ಯೂಷನ್ನಿನವರಿಗೇನು ಲಾಭ? ಆಟವಾದಾಗ, ತನಗೆ ಅರ್ಥವಾಗುವ ಕಥೆಯಾದಾಗ ಮಗು ಚೆನ್ನಾಗಿ ಯೋಚಿಸುತ್ತದೆ ಅಂತಾಯಿತು.

ಇನ್ನೊಂದು ಉದಾಹರಣೆ ಬ್ರೆಜಿಲಿನದು. ರೆಸಿಫೆ ನಗರದ ಬೀದಿಗಳಲ್ಲಿ ವ್ಯಾಪಾರ ಮಾಡುತ್ತಿದ್ದ ಐವರು ಮಕ್ಕಳ ಮೇಲಿನ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ವ್ಯಾಪಾರದ ಮಧ್ಯೆ ಬಾಯಿಲೆಕ್ಕದಲ್ಲಿ ಶೇ. 98ರಷ್ಟು ಸರಿ. ಅದೇ ಥರದ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕಾಗದದ ಮೇಲೆ ಕೊಟ್ಟಾಗ ಶೇ. 37. ಮಕ್ಕಳು ಅವರೇ, ತಲೆಯೂ ಅದೇ. ಐದೇ ಮಕ್ಕಳು, ನಿಜ. ಆದರೂ ಯೋಚಿಸಬೇಕಾದ ಮಾತು.

ಹಾಗಂತ ಹಳ್ಳಿಯೇ ಸ್ವರ್ಗ ಅಂತ ನಾನು ಹೇಳ್ತಿಲ್ಲ. ನಮ್ಮ ಶಾಲೆಯಲ್ಲಿ ನಾಲ್ಕು ತರಗತಿಗೆ ಒಬ್ಬರೇ ಮೇಷ್ಟ್ರು. ಅದು ಕೊರತೆ, ಅದಕ್ಕೆ ಹೂಮಾಲೆ ಹಾಕಬೇಕಾಗಿಲ್ಲ. ಆದರೆ ಚೌಕಾಬಾರ ಆಡುವಾಗ ನಾಲ್ಕು ಬಿದ್ದರೆ ಯಾವ ಕಾಯಿ ನಡೆಸಬೇಕು ಅಂತ ನಾವೇ ಯೋಚಿಸುತ್ತಿದ್ದೆವು. ಸೋತರೆ ಯಾಕೆ ಸೋತೆವು ಅಂತ ನಾವೇ ಜಗಳ ಆಡುತ್ತಿದ್ದೆವು. ಪಕ್ಕದಲ್ಲಿ ಕೂತು "ವೆರಿ ಗುಡ್" ಅನ್ನೋರು ಯಾರೂ ಇರಲಿಲ್ಲ.

ಮಕ್ಕಳ ಕೋಡಿಂಗಿಗೆ ಹಾದಿ ಹಾಕಿದ ಸೀಮೋರ್ ಪ್ಯಾಪರ್ಟ್ ಅವರೂ ಜಿನೀವಾದಲ್ಲಿ ಪಿಯಾಜೆ ಜೊತೆ ಕೆಲಸ ಮಾಡಿ ಬಂದವರೇ. 1967ರಲ್ಲಿ ರೂಪುಗೊಂಡ ಅವರ ಲೋಗೋ ಭಾಷೆಯ ಆಮೆ, ಮಗು ತನಗೆ ಬೇಕಾದ ಚಿತ್ರ ಬಿಡಿಸಿ, ಕೆಡಿಸಿ, ಮತ್ತೆ ಬಿಡಿಸಲಿ ಅಂತ ಇದ್ದದ್ದು. ಸರ್ಟಿಫಿಕೇಟ್ ಕೊಡೋಕಲ್ಲ.

ಹಾಗಾಗಿ ಡೆಮೋ ಕ್ಲಾಸಿನವರು ಫೋನ್ ಮಾಡಿದಾಗ ಒಂದೇ ಪ್ರಶ್ನೆ ಕೇಳಿ: "ನಿಮ್ಮ ಕ್ಲಾಸಿನಲ್ಲಿ ಮಗು ತಪ್ಪು ಉತ್ತರ ಕೊಟ್ಟರೆ, ಯಾಕೆ ಹಾಗನ್ನಿಸ್ತು ಅಂತ ಎಷ್ಟು ಹೊತ್ತು ಕೇಳಿಸಿಕೊಳ್ತೀರಿ?" ಅವರ ಹತ್ತಿರ ಉತ್ತರ ಇಲ್ಲದಿದ್ದರೆ ಫೋನ್ ಇಡಿ. ಆ ಕೆಲಸ ಮನೆಯಲ್ಲಿ ನೀವೇ ಮಾಡಿ. ಅದಕ್ಕೆ ಮೂರು ಲೋಟ, ಒಂದಿಷ್ಟು ನೀರು, ಅರ್ಧ ಗಂಟೆ ಪುರುಸೊತ್ತು ಸಾಕು. ನಮ್ಮ ಹತ್ತಿರ ಇಲ್ಲದಿರೋದು ಆ ಅರ್ಧ ಗಂಟೆ ಮಾತ್ರ.