ಕಾರಿನ ಚೇಂಬರ್‌ನಿಂದ ಆಯಿಲ್ ಸೋರುತ್ತಿದೆಯೇ? ಬೋಲ್ಟ್ ಬಿಗಿ ಮಾಡುವ ಮುನ್ನ ಓದಿ

‘ಕಾರಿನ ಕೆಳಗೆ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಪ್ಯಾಕಿಂಗ್ ಬದಲಿಸುವ ಖರ್ಚು ಬೇಡ, ಚೇಂಬರ್ ಬೋಲ್ಟ್‌ಗಳನ್ನು ಜೋರಾಗಿ ಬಿಗಿ ಮಾಡಿ, ದಪ್ಪ ಆಯಿಲ್ ಹಾಕಿ.’ ಇಂಥ ಸಲಹೆಗಳು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತವೆ. ಇದರಲ್ಲಿ ಎಷ್ಟು ನಿಜ?

ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆಯೇ ಚೇಂಬರ್. ಅದು ಎಂಜಿನ್ನಿಗೆ ಕೂಡುವ ಜಾಗದಲ್ಲಿ ರಬ್ಬರ್ ಅಥವಾ ಕಾರ್ಕ್ ಪ್ಯಾಕಿಂಗ್ ಇರುತ್ತದೆ. ಈಚಿನ ಅನೇಕ ಕಾರುಗಳಲ್ಲಿ ಪ್ಯಾಕಿಂಗೇ ಇಲ್ಲ, ಬರೀ ಸಿಲಿಕೋನ್ ಪೇಸ್ಟ್. ವರ್ಷಗಟ್ಟಲೆ ಬಿಸಿ ತಿಂದ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ. ಬಿರಿದದ್ದನ್ನು ಎಷ್ಟು ಒತ್ತಿದರೂ ಅದು ಮತ್ತೆ ಮೆತ್ತಗಾಗುವುದಿಲ್ಲ.

ಬೋಲ್ಟ್ ಸಡಿಲವಾಗಿದ್ದರೆ ಹದವಾಗಿ ಬಿಗಿ ಮಾಡುವುದು ಸರಿಯೇ. ತೊಂದರೆ ಇರುವುದು ‘ಜೋರಾಗಿ’ ಎಂಬಲ್ಲಿ. ಚೇಂಬರಿನ ಸಣ್ಣ ಬೋಲ್ಟ್‌ಗಳಿಗೆ ಸಾಮಾನ್ಯವಾಗಿ ಬೇಕಾಗುವುದು ಸುಮಾರು 10 ನ್ಯೂಟನ್ ಮೀಟರ್ ಬಿಗಿ. ಅಂದರೆ 20 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಗೆ 5 ಕೆ.ಜಿ. ತೂಗುಹಾಕಿದಷ್ಟೇ ಬಲ. ಅದಕ್ಕಿಂತ ಬಹಳ ಹೆಚ್ಚು ತಿರುಗಿಸಿದರೆ ತೆಳು ತಗಡಿನ ಚೇಂಬರ್ ಬೋಲ್ಟಿನ ಸುತ್ತ ನೆಗ್ಗಿ, ಎರಡು ಬೋಲ್ಟ್‌ಗಳ ನಡುವೆ ಏಳುತ್ತದೆ. ಆಗ ಸೋರಿಕೆ ಇನ್ನೂ ಹೆಚ್ಚು. ಅಲ್ಯೂಮಿನಿಯಂ ಎಂಜಿನ್ನಾದರೆ ಒಳಗಿನ ಥ್ರೆಡ್ಡೇ ಕಿತ್ತುಬರಬಹುದು. ಪ್ಯಾಕಿಂಗಿನ ಖರ್ಚು ಅದರ ಮುಂದೆ ಏನೇನೂ ಅಲ್ಲ.

ಅದಕ್ಕೂ ಮೊದಲು, ಸೋರುತ್ತಿರುವುದು ಚೇಂಬರೇ ಎಂದು ಖಚಿತವೇ? ಆಳಂದ, ಅಫಜಲಪುರ, ಜೇವರ್ಗಿಯ ಬೇಸಿಗೆಯಲ್ಲಿ ಎ.ಸಿ. ಹಾಕಿ ನಿಲ್ಲಿಸಿದ ಕಾರಿನಡಿ ತೊಟ್ಟಿಕ್ಕುವುದು ಬರೀ ನೀರಾಗಿರಬಹುದು. ಒಂದು ಬಿಳಿ ಕಾಗದ ಇಟ್ಟು ನೋಡಿ, ಗೊತ್ತಾಗುತ್ತದೆ. ಆಯಿಲೇ ಆಗಿದ್ದರೂ ಅದು ಮೇಲಿನ ಟಾಪೆಟ್ ಕವರಿನಿಂದ ಇಳಿದು ಚೇಂಬರಿನ ಅಂಚಿಗೆ ಬಂದಿರುವುದುಂಟು. ಓಡುವಾಗಿನ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ಮೇಲೆ ಎರೆಮಣ್ಣಿನ ಧೂಳು ಮೆತ್ತಿಕೊಳ್ಳುತ್ತದೆ. ಎಂಜಿನ್ ತಣ್ಣಗಾದ ಮೇಲೆ ಆ ಭಾಗವನ್ನೆಲ್ಲ ತೊಳೆದು ಒಣಗಿಸಿ, ಮೈಗೆ ಹಚ್ಚುವ ಪೌಡರ್ ಉದುರಿಸಿ, ಸ್ವಲ್ಪ ದೂರ ಓಡಿಸಿ ನೋಡಿದರೆ ಆಯಿಲ್ ಹೊರಟ ಜಾಗದಲ್ಲಿ ಗೆರೆ ಮೂಡುತ್ತದೆ. ಹೊಲದ ದಾರಿಯ ಕಲ್ಲು ತಗುಲಿ ಚೇಂಬರೇ ಸೀಳಿದ್ದರೆ ಹೊಸ ಪ್ಯಾಕಿಂಗ್‌ನಿಂದಲೂ ಉಪಯೋಗವಿಲ್ಲ.

ದಪ್ಪ ಆಯಿಲ್ ಸೋರುವ ವೇಗವನ್ನು ಸ್ವಲ್ಪ ತಗ್ಗಿಸಬಹುದು. ಆದರೆ 5ಡಬ್ಲ್ಯು-30 ಕೇಳುವ ಎಂಜಿನ್ನಿಗೆ ದಪ್ಪದ್ದು ಹಾಕಿದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ಭಾಗಗಳಿಗೆ ಆಯಿಲ್ ತಡವಾಗಿ ತಲುಪುತ್ತದೆ. ಸೋರಿಕೆ ನಿಲ್ಲಿಸುವ ಬಾಟಲಿ ದ್ರಾವಣಗಳು ಗಟ್ಟಿಯಾದ ರಬ್ಬರನ್ನು ತುಸು ಉಬ್ಬಿಸುತ್ತವೆ, ಅಷ್ಟೇ. ಸಿಲಿಕೋನ್ ಜೋಡಣೆಗೂ ಸೊಟ್ಟಗಾದ ಅಂಚಿಗೂ ಅವು ಮದ್ದಲ್ಲ.

ಪ್ಯಾಕಿಂಗ್ ಬದಲಿಸುವ ಕೆಲಸದಲ್ಲಿ ಹೆಚ್ಚು ಸಮಯ ಹಿಡಿಯುವುದು ಹಳೆಯದನ್ನು ಕೆರೆದು ತೆಗೆಯುವುದು. ಅವಸರದ ಕೆಲಸ ಕೆಡುವುದೂ ಇಲ್ಲಿಯೇ. ಪೇಸ್ಟ್ ಅತಿಯಾದರೆ ಒಳಕ್ಕೆ ಹಿಂಡಿಕೊಂಡು, ಚೂರು ಕಳಚಿ ಆಯಿಲ್ ಜಾಲರಿಗೆ ಸಿಕ್ಕಿಕೊಳ್ಳಬಹುದು. ಹಚ್ಚಿದ ಮೇಲೆ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟು ಆಯಿಲ್ ತುಂಬಬೇಕು. ಕಾರನ್ನು ಬರೀ ಜಾಕಿಯ ಮೇಲೆ ಎತ್ತಿ ಅಡಿಗೆ ಹೋಗಲೇಬೇಡಿ. ಜಾಕಿ ಜಾರಿದರೆ ಪ್ರಾಣಕ್ಕೇ ಅಪಾಯ. ಸ್ಟ್ಯಾಂಡ್ ಅಥವಾ ರ‍್ಯಾಂಪ್ ಇಲ್ಲದಿದ್ದರೆ ಆ ಕೆಲಸ ಗ್ಯಾರೇಜಿಗೇ ಬಿಡಿ.

ದಿನಕ್ಕೆರಡು ಹನಿ ಸೋರಿದರೆ ಡಿಪ್‌ಸ್ಟಿಕ್ ನೋಡುತ್ತ ಕೆಲವು ದಿನ ತಳ್ಳಬಹುದು. ಆದರೆ ಮೀಟರಿನಲ್ಲಿ ಕೆಂಪು ಆಯಿಲ್ ದೀಪ ಹೊತ್ತಿದರೆ ಮಾತೇ ಬೇರೆ. ಅದು ಸಾಮಾನ್ಯವಾಗಿ ಆಯಿಲ್ ಒತ್ತಡ ಬಿದ್ದಿರುವುದರ ಸೂಚನೆ. ಜೇವರ್ಗಿಯಿಂದ ಕಲಬುರಗಿಗೆ ಸುಮಾರು 40 ಕಿ.ಮೀ.; ‘ಹೇಗೋ ಮುಟ್ಟಿಬಿಡೋಣ’ ಎಂದು ಓಡಿಸಿದರೆ ಎಂಜಿನ್ ಕಚ್ಚಿಕೊಳ್ಳಬಹುದು. ಬದಿಗೆ ನಿಲ್ಲಿಸಿ ತಕ್ಷಣ ಆಫ್ ಮಾಡಿ, ಎಳೆಸಿಕೊಂಡು ಹೋಗಿ.

ಇಳಿಸಿದ ಹಳೆ ಆಯಿಲನ್ನು ಚರಂಡಿಗೆ ಚೆಲ್ಲಬೇಡಿ. 2016ರ ಕೇಂದ್ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಆಳಂದ ಕಡೆಯ ಅಮರ್ಜಾ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ, ಅದೇ ಸಂಗಮದಲ್ಲಿ ಜನ ಮುಳುಗೇಳುತ್ತಾರೆ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಹಳೆ ಆಯಿಲನ್ನು ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ.