ಹಳೆ ಬೈಕ್‌ಗೆ ಸ್ಯಾಡಲ್ ಬ್ಯಾಗ್: ‘ರಬ್ಬರ್ ಹಗ್ಗ ಬಿಗಿದರೆ ಸಾಕು’ ಎಂಬುದು ನಿಜವೇ?

‘ಬ್ಯಾಗ್ ಸ್ಟ್ಯಾಂಡ್‌ಗೆ ಖರ್ಚು ಯಾಕೆ? ಸೀಟಿನ ಮೇಲೆ ಬಟ್ಟೆ ಬ್ಯಾಗ್ ನೇತುಹಾಕಿ ಎರಡು ರಬ್ಬರ್ ಹಗ್ಗ ಬಿಗಿಯಿರಿ, ಲಡಾಖ್‌ಗೂ ಹೋಗಬಹುದು.’ ಬೈಕ್ ಪ್ರವಾಸದ ಗ್ರೂಪ್‌ಗಳಲ್ಲಿ ಇಂಥ ಸಲಹೆಗಳು ಓಡಾಡುತ್ತಲೇ ಇರುತ್ತವೆ. ಇದನ್ನು ಇನ್ನೊಬ್ಬರಿಗೆ ಕಳಿಸುವ ಮುನ್ನ ನಿಮ್ಮ ಹಳೆ ಬುಲೆಟ್, ಯೆಜ್ಡಿ ಅಥವಾ ಆರ್‌ಎಕ್ಸ್ 100 ಪಕ್ಕ ಕುಕ್ಕರಗಾಲಲ್ಲಿ ಕೂತು ಹಿಂದಿನ ಚಕ್ರವನ್ನೊಮ್ಮೆ ನೋಡಿ.

ಬ್ಯಾಗ್ ಸೀಟಿನಿಂದ ನೇತಾಡುತ್ತದೆ, ಸೀಟು ಫ್ರೇಮ್‌ಗೆ ಸೇರಿದ್ದು. ಆದರೆ ಚಕ್ರ ಇರುವುದು ಸ್ವಿಂಗ್ ಆರ್ಮ್‌ನಲ್ಲಿ. ಹಂಪ್ ಹಾರಿದಾಗ ಶಾಕ್ ಅಬ್ಸಾರ್ಬರ್ ಕುಗ್ಗಿ, ಚಕ್ರ ಎರಡು ಬ್ಯಾಗ್‌ಗಳ ನಡುವೆ ಕೆಲವು ಇಂಚು ಮೇಲೇರುತ್ತದೆ. ಬೈಕ್ ನಿಂತಾಗ ಕಾಣುವ ಅಂತರ ಓಡುವಾಗ ಇರುವುದಿಲ್ಲ. ಹಳೆ ಬೈಕ್‌ನಲ್ಲಿ ಶಾಕ್‌ನ ಎಣ್ಣೆ ಸೋರಿ ಬಲ ಕಳೆದುಕೊಂಡಿದ್ದರೆ ಈ ಕುಣಿತ ಇನ್ನೂ ಹೆಚ್ಚು. ಬ್ಯಾಗ್‌ನ ಒಳಮೂಲೆಯೋ ಜೋತಾಡುವ ಪಟ್ಟಿಯೋ ಕಡ್ಡಿಗಳ ನಡುವೆ ಸಿಕ್ಕರೆ ಚಕ್ರ ಅದನ್ನು ಸುತ್ತಿಕೊಂಡು ಕ್ಷಣದಲ್ಲಿ ಬಿಗಿದುಕೊಳ್ಳಬಹುದು. ಸೆರಗು, ದುಪಟ್ಟಾ ಸಿಕ್ಕಿ ಆಗುವ ಅಪಘಾತದ ಲೆಕ್ಕವೇ ಇದು. ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗಕ್ಕೆ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುವುದೂ ಇದೇ ಕಾರಣಕ್ಕೆ.

ವಿಚಿತ್ರವೆಂದರೆ, ತುಂಬಿದ ಬ್ಯಾಗ್‌ಗಿಂತ ಅರ್ಧ ಖಾಲಿ ಬ್ಯಾಗೇ ಹೆಚ್ಚು ಅಪಾಯ. ತುಂಬಿದ್ದು ತನ್ನ ಆಕಾರದಲ್ಲಿ ನಿಲ್ಲುತ್ತದೆ. ಖಾಲಿಯಾದದ್ದು ಗಾಳಿಗೆ ಮಡಚಿ ಚಕ್ರದ ಕಡೆ ವಾಲುತ್ತದೆ. ಹೋಗುವಾಗ ಏನೂ ಆಗದೆ ಬರುವಾಗ ತೊಂದರೆ ಕಾಣಿಸಿಕೊಳ್ಳುವುದು ಹೀಗೆ.

ಹಾಗಾದರೆ ರಬ್ಬರ್ ಹಗ್ಗ? ಎಳೆದರೆ ಹಿಗ್ಗುವುದೇ ಅದರ ಗುಣ. ಪ್ರತಿ ಗುಂಡಿಗೂ ಬ್ಯಾಗ್ ಅದನ್ನು ಎಳೆಯುತ್ತದೆ, ಅದು ಸಡಿಲ ಬಿಡುತ್ತದೆ. ಮೇಲಿನ ರೇನ್‌ಕೋಟ್ ಹಿಡಿದಿಡಲು ಸರಿ, ಬ್ಯಾಗ್‌ನ ಭಾರ ಹೊರಲು ಅಲ್ಲ. ಅದಕ್ಕೆ ಹಿಗ್ಗದ ನೈಲಾನ್ ಪಟ್ಟಿ, ಬಕಲ್ ಬೇಕು. ಬಕಲ್‌ನಿಂದಾಚೆ ಉಳಿದ ಪಟ್ಟಿಯನ್ನು ಸುತ್ತಿ ಟೇಪ್ ಹಾಕಿ. ಇದು ಸಣ್ಣ ಕೆಲಸ, ಆದರೆ ಹೆಚ್ಚಿನವರು ಮರೆಯುವುದೂ ಇದನ್ನೇ.

ಎಡಗಡೆ ಸೀರೆ ಗಾರ್ಡ್ ಇದ್ದರೆ ಬ್ಯಾಗ್‌ಗೆ ಆಸರೆ ಸಿಕ್ಕಿತು. ಅದನ್ನು ‘ಲುಕ್’ಗಾಗಿ ಕಿತ್ತುಹಾಕಿದವರೇ ಹೆಚ್ಚು, ಪುಣ್ಯವಂತರು. ಬಲಗಡೆ ಸಾಮಾನ್ಯವಾಗಿ ಆಸರೆ ಇರುವುದಿಲ್ಲ, ಕಂಬಿಯ ಚೌಕಟ್ಟು ಮಾಡಿಸಬೇಕು. ಅದನ್ನು ಫ್ರೇಮ್‌ಗೆ ಬೆಸುಗೆ ಹಾಕಿಸಬೇಡಿ. ಒಳಗಿಂದ ತುಕ್ಕು ತಿಂದ ಹಳೆ ಪೈಪ್ ಆ ಶಾಖಕ್ಕೆ ಇನ್ನಷ್ಟು ದುರ್ಬಲವಾಗಬಹುದು. ಶಾಕ್‌ನ ಮೇಲಿನ ಬೋಲ್ಟ್, ಇಂಡಿಕೇಟರ್ ಕೂರುವ ಜಾಗದಂಥ ಕಡೆ ನಟ್-ಬೋಲ್ಟ್‌ನಲ್ಲೇ ಕೂರಿಸಬಹುದು. ಚೌಕಟ್ಟಿನ ಒಂದು ತುದಿ ಫ್ರೇಮ್‌ಗೆ, ಇನ್ನೊಂದು ತುದಿ ಸ್ವಿಂಗ್ ಆರ್ಮ್‌ಗೆ ಮಾತ್ರ ಆಗಕೂಡದು. ಒಂದು ನಿಂತಿರುತ್ತದೆ, ಇನ್ನೊಂದು ಅಲ್ಲಾಡುತ್ತದೆ.

ಇನ್ನು ಸೈಲೆನ್ಸರ್. ಬುಲೆಟ್, ಆರ್‌ಎಕ್ಸ್ 100ಗಳಲ್ಲಿ ಅದು ಬಲಗಡೆ ಮಾತ್ರ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ರೋಡ್‌ಕಿಂಗ್‌ಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು, ಹಾಗಾಗಿ ಎರಡೂ ಕಡೆ ಬಿಸಿ. ನನ್ನ ಸೋದರಮಾವನ ರೋಡ್‌ಕಿಂಗ್‌ನಲ್ಲಿ ಚಿಕ್ಕಮಗಳೂರಿಗೆ ಹೋಗಿ ಇಳಿದಾಗ ಬ್ಯಾಗ್‌ನ ತಳ ಸೈಲೆನ್ಸರ್‌ಗೆ ಅಂಟಿಕೊಂಡಿತ್ತು. ಒಳಗಿದ್ದ ಅವರ ಪಂಚೆಗೆ ಕಿತ್ತಳೆ ಗಾತ್ರದ ತೂತು. ‘ದಪ್ಪ ನೈಲಾನ್, ಕರಗಲ್ಲ’ ಎಂದಿದ್ದರು ಅಂಗಡಿಯವರು. ನೈಲಾನ್ ಪೂರ್ತಿ ಕರಗಲು ಸುಮಾರು 220 ಡಿಗ್ರಿ ಸೆಲ್ಸಿಯಸ್ ಬೇಕು ನಿಜ, ಆದರೆ ಅದು ಮೆತ್ತಗಾಗುವುದು ಅದಕ್ಕಿಂತ ಎಷ್ಟೋ ಮೊದಲು. ರೆಕ್ಸಿನ್ ಇನ್ನೂ ಬೇಗ. ಶಾಖ ತಡೆಯುವ ತಗಡು ಒಳ್ಳೆಯದು, ಅದಕ್ಕಿಂತಲೂ ನಾಲ್ಕು ಬೆರಳು ಗಾಳಿಯ ಅಂತರ ಒಳ್ಳೆಯದು. ಬ್ಯಾಗ್‌ನಲ್ಲಿ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಒಯ್ಯುವ ಸಲಹೆಯನ್ನಂತೂ ಅಳಿಸಿಹಾಕಿ. ಬಾಟಲಿ ಮೆತ್ತಗಾಗಿ ಸೋರಿದರೆ ಕೆಳಗೇ ಸೈಲೆನ್ಸರ್ ಇದೆ.

‘ಹಿಂದೆ ಭಾರ ಹೆಚ್ಚಿದ್ದರೆ ಗ್ರಿಪ್ ಜಾಸ್ತಿ’ ಎಂಬುದು ಅರ್ಧ ಸತ್ಯ. ಭಾರ ಹಿಂದಿನ ಅಚ್ಚಿಗಿಂತ ಹಿಂದಕ್ಕೆ ಹೋದಷ್ಟೂ ಮುಂದಿನ ಚಕ್ರ ಹಗುರವಾಗುತ್ತದೆ, ತಿರುವಿನಲ್ಲಿ ಹ್ಯಾಂಡಲ್ ತೇಲಿದಂತಾಗುತ್ತದೆ. ಭಾರದ ಸಾಮಾನು ಕೆಳಗೆ, ಮುಂದಕ್ಕೆ, ಎರಡೂ ಕಡೆ ಸಮವಾಗಿರಲಿ. ಕಂಪನಿಯ ಕೈಪಿಡಿ ಹೇಳಿದಷ್ಟು ಹಿಂದಿನ ಟೈರ್‌ಗೆ ಗಾಳಿ ಹೆಚ್ಚಿಸಿ.

ಹೊರಡುವ ಮುನ್ನ ಒಬ್ಬರನ್ನು ಹಿಂದೆ ಕೂರಿಸಿ ಸೀಟನ್ನು ಜೋರಾಗಿ ಅದುಮಿಸಿ, ನೀವು ಬಗ್ಗಿ ನೋಡಿ: ಬ್ಯಾಗ್ ಟೈರ್‌ಗೆ ತಾಗುತ್ತಿದೆಯೇ, ಇಂಡಿಕೇಟರ್ ಮುಚ್ಚಿದೆಯೇ, ಕಿಕ್ಕರ್ ಪೂರ್ತಿ ಕೆಳಗೆ ಹೋಗುತ್ತದೆಯೇ. ಆಮೇಲೆ ಹತ್ತು ಕಿಲೋಮೀಟರ್ ಹೋಗಿ ನಿಲ್ಲಿಸಿ. ಪಟ್ಟಿಗಳು ಮೊದಲು ಸಡಿಲವಾಗುವುದು ಆಗಲೇ.