ಆರನೇ ವರ್ಷದ ಹಲ್ಲು, ಹತ್ತು ನಿಮಿಷದ ಚಾಕೊಲೇಟು

ಹೈದರಾಬಾದಿನ ಗಚ್ಚಿಬೌಲಿಯ ಅಪಾರ್ಟ್‌ಮೆಂಟಿನಲ್ಲಿ ಮಗು ಚಾಕೊಲೇಟಿಗೆ ಹಟ ಹಿಡಿದರೆ ಯಾರೂ ಚಪ್ಪಲಿ ಮೆಟ್ಟಬೇಕಾಗಿಲ್ಲ. ಮೊಬೈಲಿನಲ್ಲಿ ಒತ್ತಿದ ಹತ್ತು ಹದಿನೈದು ನಿಮಿಷಕ್ಕೆ ಬಾಗಿಲಿಗೇ ಬರುತ್ತದೆ. ಶಾಲೆಯ ಆವರಣದಲ್ಲಿ ಮತ್ತು ಅದರ ಸುತ್ತಲಿನ 50 ಮೀಟರಿನೊಳಗೆ ಕೊಬ್ಬು, ಸಕ್ಕರೆ, ಉಪ್ಪು ಅತಿಯಾದ ತಿನಿಸುಗಳನ್ನು ಮಕ್ಕಳಿಗೆ ಮಾರಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಒಳ್ಳೆಯ ನಿಯಮ. ಆದರೆ ಡೆಲಿವರಿ ಬೈಕಿಗೆ ಆ 50 ಮೀಟರು ಅಡ್ಡ ಬರುವುದಿಲ್ಲ. ಮನೆಯವರೇ ಬೆಳಿಗ್ಗೆ ಡಬ್ಬಿಗೆ ಹಾಕಿ ಕಳಿಸುವ ಕ್ರೀಮ್ ಬಿಸ್ಕತ್ತಿಗಂತೂ ಯಾವ ಗಡಿಯೂ ಇಲ್ಲ.

ತಿನಿಸಿನ ವಿಷಯದಲ್ಲಿ ಸರಕಾರಗಳಿಗೆ ಚುರುಕುತನ ಇಲ್ಲವೆಂದಲ್ಲ. 2024ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಮೋಮೊ ತಿಂದು ಮಹಿಳೆಯೊಬ್ಬರು ತೀರಿಕೊಂಡಾಗ, ತೆಲಂಗಾಣ ಸರಕಾರ ಕೆಲವೇ ದಿನಗಳಲ್ಲಿ ಹಸಿ ಮೊಟ್ಟೆಯ ಮಯೊನೀಸನ್ನು ಇಡೀ ರಾಜ್ಯದಲ್ಲಿ ಒಂದು ವರ್ಷ ನಿಷೇಧಿಸಿತು. ಹುಳುಕು ಹಲ್ಲಿನಿಂದ ಹಾಗೆ ಸಾಯುವುದು ತೀರ ಅಪರೂಪ. ಮಗು ರಾತ್ರಿ ಎದ್ದು ಅಳುತ್ತದೆ, ಒಂದೇ ಕಡೆ ಅಗಿಯುತ್ತದೆ, ಎರಡು ದಿನ ಶಾಲೆ ತಪ್ಪಿಸುತ್ತದೆ. ಸುದ್ದಿಯಾಗುವಂಥದ್ದು ಅದರಲ್ಲಿ ಏನೂ ಇಲ್ಲ.

2002–03ರಲ್ಲಿ ಭಾರತೀಯ ದಂತ ವೈದ್ಯಕೀಯ ಪರಿಷತ್ತು ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ಶೇ 51.9, ಹನ್ನೆರಡು ವರ್ಷದವರಲ್ಲಿ ಶೇ 53.8 ಮಂದಿಗೆ ಹುಳುಕು ಕಂಡಿತ್ತು. ಆಗಿನ್ನೂ ಹತ್ತು ನಿಮಿಷದ ಡೆಲಿವರಿ ಹುಟ್ಟಿರಲಿಲ್ಲ.

ಪ್ರಾಥಮಿಕ ಶಾಲೆಯ ಮಾತು ಇಲ್ಲಿ ಬರುವುದಕ್ಕೆ ಗಟ್ಟಿ ಕಾರಣವಿದೆ. ಮಗುವಿಗೆ ಆರು ವರ್ಷವಾಗುವ ಹೊತ್ತಿಗೆ, ಹಾಲು ಹಲ್ಲುಗಳ ಸಾಲಿನ ಹಿಂದೆ, ಮೊದಲ ಶಾಶ್ವತ ದವಡೆ ಹಲ್ಲು ಮೂಡುತ್ತದೆ. ಯಾವ ಹಲ್ಲೂ ಬೀಳದೆ ಸದ್ದಿಲ್ಲದೆ ಬರುವುದರಿಂದ ಬಹಳಷ್ಟು ಮನೆಗಳಲ್ಲಿ ಇದನ್ನೂ ಹಾಲು ಹಲ್ಲೆಂದೇ ತಿಳಿಯುತ್ತಾರೆ. ಹುಳುಕಾದರೆ ‘ಬಿದ್ದು ಹೋಗೋದು ತಾನೆ, ಬಿಡಿ’ ಎಂಬ ಸಮಾಧಾನ ಸಿದ್ಧವಿರುತ್ತದೆ. ಅದು ಬಿದ್ದು ಮತ್ತೆ ಹುಟ್ಟುವ ಹಲ್ಲಲ್ಲ. ಎಪ್ಪತ್ತರ ವಯಸ್ಸಿನಲ್ಲೂ ರೊಟ್ಟಿ ಅಗಿಯಬೇಕಾದದ್ದು. ಮೇಲ್ಮೈ ತುಂಬ ಆಳವಾದ ಗೆರೆಗಳಿರುವ ಈ ಹಲ್ಲಿಗೆ ಮೊದಲ ಒಂದೆರಡು ವರ್ಷವೇ ಹೆಚ್ಚು ಅಪಾಯದ ಕಾಲ. ಅಂದರೆ ಸರಿಯಾಗಿ ಒಂದನೇ ಮತ್ತು ಎರಡನೇ ತರಗತಿ.

ಆದರೆ ಆ ತರಗತಿಗಳಲ್ಲಿ ನಡೆಯುವುದೇನು? ಗೋಡೆಯ ಮೇಲೊಂದು ಚಾರ್ಟು, ಒಂದು ಶಿಶುಗೀತೆ, ವರ್ಷಕ್ಕೊಮ್ಮೆ ಶಿಬಿರ. ಕೋಲ್ಗೇಟ್ ಕಂಪನಿ 1976ರಿಂದ ಭಾರತದ ಶಾಲೆಗಳಿಗೆ ಹೋಗಿ ಹಲ್ಲುಜ್ಜುವ ಪಾಠ ಹೇಳುತ್ತಿದೆ. ಉಪಕಾರವೇ. ಹಾಗೆಂದು ಪೇಸ್ಟು ಮಾರುವವರೇ ತಿಂಡಿ ಡಬ್ಬಿಯನ್ನೂ ಸರಿಪಡಿಸಲಿ ಎಂದು ಕಾಯುವಂತಿಲ್ಲ. ಹಲ್ಲಿನ ಪಾಠ ಒಂದು ದಿನ, ಆಹಾರದ ಪಾಠ ಇನ್ನೊಂದು ದಿನ ಎಂದು ಬೇರೆ ಮಾಡಿರುವುದೇ ದೊಡ್ಡ ಎಡವಟ್ಟು. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲ ಮಾಡುತ್ತವೆ, ಆಮ್ಲ ದಂತಕವಚವನ್ನು ಕರಗಿಸುತ್ತದೆ. ಪ್ರತಿ ಸಲ ತಿಂದ ಮೇಲೆ ಬಾಯಿ ಚೇತರಿಸಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಆದ್ದರಿಂದ ಮಗು ಎಷ್ಟು ತಿಂದಿತು ಎನ್ನುವುದಕ್ಕಿಂತ ಎಷ್ಟು ಸಲ ತಿಂದಿತು ಎಂಬುದು ಮುಖ್ಯ. ಊಟದ ಜೊತೆ ಒಂದು ಲಾಡು ತಿಂದ ಮಗುವಿಗಿಂತ, ಮಧ್ಯಾಹ್ನವೆಲ್ಲ ಜ್ಯೂಸಿನ ಪೊಟ್ಟಣ ಹೀರುತ್ತ ಕೂತ ಮಗುವಿನ ಹಲ್ಲಿಗೆ ಹಾನಿ ಹೆಚ್ಚು. ಇದನ್ನು ಹೇಳುವ ಚಾರ್ಟು ಶಾಲೆಗಳಲ್ಲಿ ಅಪರೂಪ.

ಗಚ್ಚಿಬೌಲಿಯಲ್ಲಿ ಕನ್ನಡ ಮಾತಾಡುವ ಮಕ್ಕಳು ಎರಡು ಬಗೆಯ ಮನೆಗಳಲ್ಲಿದ್ದಾರೆ. ಒಂದು ಕಡೆ ಸಾಫ್ಟ್‌ವೇರ್ ಕೆಲಸದವರ ಮಕ್ಕಳು. ಇನ್ನೊಂದು ಕಡೆ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ದುಡಿಯಲು ಬಂದ ಕಟ್ಟಡ ಕಾರ್ಮಿಕರ ಮಕ್ಕಳು. ಅಲ್ಲಿ ಆಮದು ಚಾಕೊಲೇಟು, ಇಲ್ಲಿ ಚಹಾದಲ್ಲಿ ಅದ್ದಿದ ಐದು ರೂಪಾಯಿಯ ಬಿಸ್ಕತ್ತು. ಹಲ್ಲಿಗೆ ಎರಡೂ ಒಂದೇ. ವ್ಯತ್ಯಾಸ ಬರುವುದು ನೋವು ಶುರುವಾದಾಗ: ಮೊದಲನೆಯವರಿಗೆ ಕ್ಲಿನಿಕ್ಕು ಮನೆಯ ಕೆಳಗೇ ಇದೆ, ಎರಡನೆಯವರಿಗೆ ಒಂದು ದಿನದ ಕೂಲಿ ಹೋಗುತ್ತದೆ. ಊರಿನಲ್ಲೇ ಇದ್ದಿದ್ದರೆ ಕಾರ್ಮಿಕರ ಮಗುವಿನ ಕೈಯಲ್ಲಿ ಹುರಿದ ಶೇಂಗಾವೋ ಪೇರಲ ಹಣ್ಣೋ ಇರುತ್ತಿತ್ತು. ಅವು ಬಿಸ್ಕತ್ತಿನ ಹಾಗೆ ಹಲ್ಲಿಗೆ ಮೆತ್ತಿಕೊಳ್ಳುವುದಿಲ್ಲ.

ಒಂದೇ ಪಾಠ ಎಲ್ಲ ಊರಿಗೂ ಹೊಂದುವುದಿಲ್ಲ ಎಂಬುದಕ್ಕೆ ಸಾಕ್ಷಿ ಹೈದರಾಬಾದಿನ ಪಕ್ಕದಲ್ಲೇ ಇದೆ. ನಲಗೊಂಡದ ಅಂತರ್ಜಲದಲ್ಲಿ ಫ್ಲೋರೈಡ್ ಎಷ್ಟಿತ್ತೆಂದರೆ, ಪಟಿಕ ಮತ್ತು ಸುಣ್ಣ ಹಾಕಿ ಅದನ್ನು ಇಳಿಸುವ ವಿಧಾನಕ್ಕೆ ನಾಗಪುರದ ‘ನೀರಿ’ ಸಂಸ್ಥೆಯ ವಿಜ್ಞಾನಿಗಳು ನಲಗೊಂಡದ ಹೆಸರನ್ನೇ ಇಟ್ಟರು. ಪಾವಗಡ, ಕೋಲಾರ, ರಾಯಚೂರಿನ ಹಲವು ಹಳ್ಳಿಗಳಲ್ಲೂ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುವುದು ಇದೇ ಕಾರಣಕ್ಕೆ. ಉಜ್ಜಿದರೆ ಹೋಗದ ಆ ಕಲೆಗೆ ಮಗುವನ್ನು ಬೈದು ಪ್ರಯೋಜನವಿಲ್ಲ. ಅಲ್ಲಿ ನೀರೇ ಮೊದಲ ಪಾಠ. ಮಿಕ್ಕ ಕಡೆ ಫ್ಲೋರೈಡ್ ಪೇಸ್ಟು ಬೇಕು: ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು, ನುಂಗದೆ ಉಗುಳಬೇಕು.

ದಂತವೈದ್ಯರೇ ಬರಲಿ ಎಂದು ಶಾಲೆಗಳು ಕಾಯಬೇಕಿಲ್ಲ. 2006ರ ಸಮೀಕ್ಷೆಯಲ್ಲಿ ಫಿಲಿಪ್ಪೀನ್ಸಿನ ಆರು ವರ್ಷದ ಮಕ್ಕಳಲ್ಲಿ ಶೇ 97ರಷ್ಟು ಮಂದಿಗೆ ಹುಳುಕು ಕಂಡಿತ್ತು. ಆ ಬಡ ದೇಶ ಮಾಡಿದ ಉಪಾಯ ಸರಳ: ದಿನವೂ ಶಾಲೆಯಲ್ಲೇ ಸೋಪಿನಿಂದ ಕೈತೊಳೆಯುವುದು, ಶಿಕ್ಷಕರ ಮುಂದೆ ಎಲ್ಲರೂ ಒಟ್ಟಿಗೆ ಹಲ್ಲುಜ್ಜುವುದು, ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆ. ಭಾಷಣವಿಲ್ಲ, ವೇಳಾಪಟ್ಟಿಯಲ್ಲಿ ಜಾಗವಿದೆ.

ಕರ್ನಾಟಕಕ್ಕೆ ಇದು ಇನ್ನೂ ಸುಲಭ. ಬಿಸಿಯೂಟವಿದೆ, 2013ರಿಂದ ಹಾಲು ಕೊಡುವ ಕ್ಷೀರಭಾಗ್ಯವಿದೆ. ಅಜೀಂ ಪ್ರೇಮ್‌ಜಿ ಫೌಂಡೇಷನ್ 2024ರಲ್ಲಿ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ ಮೇಲೆ ವಾರಕ್ಕೆ ಆರು ದಿನ ಮೊಟ್ಟೆಯೂ ಸಿಗುತ್ತಿದೆ. ಊಟ ಮುಗಿದ ಮೇಲೆ ಮಕ್ಕಳು ಹೇಗೂ ನಲ್ಲಿಯ ಮುಂದೆ ಸಾಲು ನಿಂತು ತಟ್ಟೆ ತೊಳೆಯುತ್ತಾರೆ. ಅಲ್ಲೇ ಎರಡು ನಿಮಿಷ ಹಲ್ಲುಜ್ಜಿಸಲು ಬೇಕಾದದ್ದು ಬ್ರಷ್ಷು, ಪೇಸ್ಟು ಮತ್ತು ಒಂದು ಸುತ್ತೋಲೆ. ಇದೇ ರಾಜ್ಯ ಹಲ್ಲು ಕಳೆದುಕೊಂಡ ಬಡ ವೃದ್ಧರಿಗೆ ‘ದಂತ ಭಾಗ್ಯ’ ಯೋಜನೆಯಲ್ಲಿ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುತ್ತ ಬಂದಿದೆ. ಕೊಡಲಿ. ಆರು ವರ್ಷದವರಿಗೊಂದು ಬ್ರಷ್ಷು ಅದಕ್ಕಿಂತ ಎಷ್ಟೋ ಅಗ್ಗ.

ಸಿಬಿಎಸ್‌ಇ 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆ ‘ಶುಗರ್ ಬೋರ್ಡ್’ ಹಾಕಲು ಹೇಳಿತು. ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಎಂದು ಮಕ್ಕಳ ಕಣ್ಣಿಗೆ ಬೀಳಲಿ ಎಂಬ ಉದ್ದೇಶ. ಕನ್ನಡ, ತೆಲುಗು ಮಾಧ್ಯಮದ ಸರಕಾರಿ ಶಾಲೆಗಳ ಗೋಡೆಗೂ ಅದು ಬರಬೇಕು, ಮಕ್ಕಳು ಓದಬಲ್ಲ ಭಾಷೆಯಲ್ಲಿ. ಪೋಷಕರ ಸಭೆ ನಡೆಯುವ ಕೋಣೆಯಲ್ಲೂ ಒಂದಿರಲಿ, ಡಬ್ಬಿ ತುಂಬಿಸುವವರು ಅವರೇ ತಾನೆ.

ಸರಕಾರದ ಸುತ್ತೋಲೆ ಬರುವ ತನಕ ಮನೆಯಲ್ಲಿ ಆಗಬೇಕಾದ ಕೆಲಸ ಇಷ್ಟು: ಆರು ಏಳು ವರ್ಷದ ಮಗುವಿದ್ದರೆ ಇವತ್ತು ರಾತ್ರಿ ಬಾಯಿ ತೆರೆಸಿ, ಟಾರ್ಚು ಹಿಡಿದು ಕೊನೆಯ ದವಡೆ ಹಲ್ಲನ್ನು ನೋಡಿ. ಗೆರೆಗಳಲ್ಲಿ ಕಪ್ಪು ಕಂಡರೆ ನೋವು ಬರುವ ಮೊದಲೇ ವೈದ್ಯರಿಗೆ ತೋರಿಸಿ.